ಐದನೇ ಹೆಜ್ಜೆಗೆ ಜಾರುವ ಸೀರೆ

ಬಟ್ಟೆ ಒಗೆಯುವವರಿಗೆ ಸೊಂಟ ಹಿಡಿಯುತ್ತದೆ, ಹೊಲಿಯುವವರಿಗೆ ಬೆರಳು ಚುಚ್ಚಿಕೊಳ್ಳುತ್ತದೆ. ಕಂಪ್ಯೂಟರಿನೊಳಗೆ ಬಟ್ಟೆ ಅಲ್ಲಾಡಿಸುವುದನ್ನು ಕಲಿಯಲು ಹೋದವಳಿಗೆ ಮಾನ ಹೋಗುತ್ತದೆ, ಅದೂ ವಾರಕ್ಕೆ ಎರಡು ಸಲ. ಈಗ ಎಲ್ಲ ಮುಗಿದು ನೆಮ್ಮದಿಯಾಗಿ ಉಸಿರಾಡುತ್ತಿದ್ದೇನೆ, ಅದಕ್ಕೇ ನಗುತ್ತಾ ಬರೆಯಲು ಆಗುತ್ತಿದೆ.

ತಿಪಟೂರಿನಲ್ಲಿ ಆಗಷ್ಟೇ ಒಂದು ಅನಿಮೇಷನ್ ಸೆಂಟರ್ ಶುರುವಾಗಿತ್ತು. ಕಂಪ್ಯೂಟರ್ ಗೊಂಬೆ ನಡೆದರೆ ಅದರ ಬಟ್ಟೆ ನಿಜವಾದ ಬಟ್ಟೆಯಂತೆ ಹಾರಬೇಕು, ಮಡಿಕೆ ಬೀಳಬೇಕು. ಮೆತ್ತನೆಯ ವಸ್ತು ಕೆಳಗೆ ಬಿದ್ದರೆ ಮೆತ್ತಗೆ ಅಮುಕಿಕೊಳ್ಳಬೇಕು. ಅದಕ್ಕೆ ಸಿಮ್ಯುಲೇಷನ್ ಅಂತ ಹೆಸರು. ಪಿಯುಸಿ ಆದವರಿಗೆ ಮಾತ್ರ ಸೀಟು. ನನ್ನದು ಎಸ್ಸೆಸ್ಸೆಲ್ಸಿ, ಕಂಕುಳಲ್ಲಿ ಎರಡು ವರ್ಷದ ಮಗಳು. ಮೇಷ್ಟ್ರು ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕಾಡಿ ಬೇಡಿದ ಮೇಲೆ ಒಂದು ಷರತ್ತು ಹಾಕಿ ಸೇರಿಸಿಕೊಂಡರು. "ಕೊನೇ ದಿನ ಸ್ಟುಡಿಯೋದವರು ಬಂದು ಎಲ್ಲರ ಕೆಲಸ ನೋಡ್ತಾರೆ. ಒಪ್ಪಿದ್ರೆ ತಿಪಟೂರಲ್ಲೇ ಕೂತು ಮಾಡೋ ಕೆಲಸ ಸಿಗುತ್ತೆ. ಒಪ್ಪದಿದ್ರೆ ನಿಮಗೆ ಸರ್ಟಿಫಿಕೇಟೂ ಇಲ್ಲ ಮೇಡಂ" ಅಂದರು.

ಮನೆಯಲ್ಲಿ ಯಜಮಾನರದ್ದು ಇನ್ನೊಂದು ಷರತ್ತು. "ಇದು ಆಗ್ಲಿಲ್ಲ ಅಂದ್ರೆ ಮುಗೀತು. ಆಮೇಲೆ ಇನ್ನೊಂದು ಕಲೀತೀನಿ ಅಂತ ಬಸ್ ಹತ್ತಬಾರದು."

ಸರಿ ಅಂದೆ. ನಮ್ಮೂರು ಬಿಳಿಗೆರೆಯಿಂದ ಬಸ್ ಹತ್ತಿದೆ.

ಪಾತಾಳಕ್ಕೆ ಹೋದ ಟವಲು

ಮೊದಲ ಪಾಠ, ಒಂದು ಬಟ್ಟೆಯನ್ನು ಯಾವುದಾದರೂ ವಸ್ತುವಿನ ಮೇಲೆ ಬೀಳಿಸುವುದು. ನಾನು ಒಂದು ತಂತಿ ಎಳೆದು ಅದರ ಮೇಲೆ ಟವಲು ಒಣಹಾಕಿದೆ. ಟವಲು ತಂತಿಯನ್ನು ಸೀಳಿಕೊಂಡು ಕೆಳಗಿಳಿಯಿತು. ನೆಲ ಬಂತು, ನೆಲದಲ್ಲೂ ನಿಲ್ಲಲಿಲ್ಲ.

"ತಂತಿ ಗಟ್ಟಿ, ನೆಲ ಗಟ್ಟಿ ಅಂತ ನೀವು ಕಂಪ್ಯೂಟರಿಗೆ ಹೇಳಿಲ್ಲ ಮೇಡಂ" ಅಂದರು ಮೇಷ್ಟ್ರು.

"ಅದನ್ನೂ ಹೇಳಬೇಕಾ ಸಾರ್? ಗೋಡೆ ಗಟ್ಟಿ ಅಂತ ನನ್ನ ಮಗಳಿಗೆ ಯಾರೂ ಹೇಳಲಿಲ್ಲ. ಒಂದು ಸಲ ಹಣೆ ಬಡಿಸಿಕೊಂಡಳು, ತಿಳಿಯಿತು."

"ಇದಕ್ಕೆ ಹಣೆ ಇಲ್ಲ ಮೇಡಂ."

ಸಂಜೆ ಮನೆಗೆ ಬಂದಾಗ ಮಾವ ಜಗುಲಿಯ ಮೇಲೆ ಕೂತಿದ್ದರು. "ಏನು ಕಲ್ತೆ ಕಣವ್ವ ಇವತ್ತು?"

"ಟವಲು ಒಣಹಾಕಿದೆ ಮಾವ."

"ಒಣಗ್ತಾ?"

"ಇಲ್ಲ. ತಂತಿ ದಾಟಿ, ನೆಲ ದಾಟಿ, ಇನ್ನೂ ಬೀಳ್ತಾನೇ ಐತೆ."

ಮಾವ ಹೆಗಲು ಮುಟ್ಟಿ ನೋಡಿಕೊಂಡರು. "ನಂದಲ್ಲ ತಾನೇ?"

ಪುಟಿದ ಮುದ್ದೆ

ಆಮೇಲೆ ಮೆತ್ತನೆಯ ವಸ್ತುಗಳ ಪಾಠ. ಮೇಷ್ಟ್ರು ಜೆಲ್ಲಿಯ ಉದಾಹರಣೆ ಕೊಟ್ಟರು. ಕ್ಲಾಸಿನಲ್ಲಿ ಒಬ್ಬರೂ ಜೆಲ್ಲಿ ತಿಂದವರಿಲ್ಲ. "ಹಾಗಾದ್ರೆ ನಿಮಗೆ ಗೊತ್ತಿರೋ ಮೆತ್ತನೆಯದು ಯಾವುದಾದ್ರೂ ಮಾಡಿ" ಅಂದರು. ನಾನು ರಾಗಿಮುದ್ದೆ ಮಾಡಿದೆ.

ಮುದ್ದೆ ತಟ್ಟೆಗೆ ಬಿದ್ದದ್ದೇ ಚೆಂಡಿನಂತೆ ಪುಟಿದು ಪರದೆಯಿಂದಾಚೆ ಹೋಯಿತು. ಗಟ್ಟಿತನದ ಸಂಖ್ಯೆ ಕಡಿಮೆ ಮಾಡಿದೆ, ಅಂಬಲಿಯಾಗಿ ಹರಿಯಿತು. ನಡುವಿನ ಸಂಖ್ಯೆ ಕೊಟ್ಟೆ, ತಟ್ಟೆಯ ಮೇಲೆ ಕೂತು ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಮೂರು ದಿನ ಇದೇ ಆಯಿತು. ಹೆಣ್ಣಾಗಿ ಹುಟ್ಟಿ ಇಷ್ಟು ಕೆಟ್ಟ ಮುದ್ದೆಯನ್ನು ನಾನು ಒಲೆಯ ಮುಂದೆ ಯಾವತ್ತೂ ಮಾಡಿರಲಿಲ್ಲ.

"ನಿಜವಾದ ಮುದ್ದೆ ಹೇಗೆ ಬೀಳುತ್ತೆ ಅಂತ ನೋಡಿದ್ರೆ ಗೊತ್ತಾಗುತ್ತೆ, ಒಂದು ತನ್ನಿ" ಅಂದರು ಮೇಷ್ಟ್ರು. ಮಾರನೇ ದಿನ ಡಬ್ಬಿಯಲ್ಲಿ ಬಿಸಿ ಮುದ್ದೆ ಇಟ್ಟು, ಬಟ್ಟೆ ಸುತ್ತಿ ತಂದೆ. ಒಂದು ಗೇಣು ಎತ್ತರದಿಂದ ತಟ್ಟೆಗೆ ಬಿಟ್ಟೆ. ತಳ ಒಂಚೂರು ಚಪ್ಪಟೆಯಾಗಿ, ಗಂಭೀರವಾಗಿ ಕೂತಿತು. ಮೇಷ್ಟ್ರು ಸುತ್ತ ತಿರುಗಿ ನೋಡಿದರು, ಸ್ಕೇಲಿನಿಂದ ಅಳೆದರು, ಬರೆದುಕೊಂಡರು. ನಾನು ಕೈ ತೊಳೆದು ಬರುವಷ್ಟರಲ್ಲಿ ಅರ್ಧ ಮುದ್ದೆ ಇರಲಿಲ್ಲ. ಪಾಪ, ರೂಮು ಮಾಡಿಕೊಂಡು ಮೆಸ್ಸಿನಲ್ಲಿ ಉಣ್ಣುವ ಜೀವ.

ಬಾಯಿ ಒರೆಸಿಕೊಂಡು ಹೇಳಿದರು: "ಮೇಡಂ, ನಾಳೆ ಇನ್ನೊಂದು ತನ್ನಿ. ಸಾರಿನ ಜೊತೆ. ಜಾರಿಕೆ ಎಷ್ಟು ಅಂತಾನೂ ಲೆಕ್ಕ ಹಾಕಬೇಕು."

ಅಟ್ಟದ ಮೇಲಿನ ಕಾಯಿ

ಬಟ್ಟೆ ಹೇಗೆ ಹಾರಬೇಕು ಅಂತ ನಾವು ಹೇಳಿದ ಮೇಲೆ ಕಂಪ್ಯೂಟರ್ ಅದನ್ನು ಗಂಟೆಗಟ್ಟಲೆ ಲೆಕ್ಕ ಹಾಕುತ್ತದೆ. ಸೆಂಟರಿನಲ್ಲಿ ಎಲ್ಲರಿಗೂ ಯಂತ್ರ ಸಾಲದೆ, ಅವರ ಹಳೇ ಕಂಪ್ಯೂಟರ್ ಒಂದನ್ನು ನನ್ನ ಮನೆಗೆ ಕೊಟ್ಟರು. ಒಂದು ಬೆಳಿಗ್ಗೆ ಲೆಕ್ಕಕ್ಕೆ ಹಚ್ಚಿ, ಕ್ಲಾಸಿಗೆ ಹೊರಟೆ.

"ಅದೇನೇ, ಚಿತ್ರ ಅಲ್ಲಾಡೋದೇ ಇಲ್ಲ?" ಅಂದರು ಅತ್ತೆ.

ನಮ್ಮ ಕಡೆಯವರಿಗೆ ತಿಳಿಯುವ ಹಾಗೆ ಹೇಳಿದೆ. "ಅಟ್ಟದ ಮೇಲೆ ಕೊಬ್ಬರಿಗೆ ಕಾಯಿ ಹಾಕ್ತೀವಲ್ಲ ಅತ್ತೆ, ಹಂಗೇ. ತಾನಾಗೇ ಆಗಬೇಕು. ಮುಟ್ಟಬಾರದು."

ಅತ್ತೆಗೂ ಮಾವನಿಗೂ ತಕ್ಷಣ ಅರ್ಥವಾಯಿತು. ವರ್ಷಗಟ್ಟಲೆ ಕಾಯಿ ಮುಟ್ಟದೆ ಕಾಯುವ ಜನ, ಇದೊಂದು ದಿನ ಕಾಯಲಾರರೆ? ನಿಶ್ಚಿಂತೆಯಾಗಿ ಹೋದೆ.

ಆದರೆ ಒಣಗಿತೋ ಇಲ್ಲವೋ ಅಂತ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಜನವೂ ನಾವೇ ಎಂಬುದನ್ನು ಮರೆತಿದ್ದೆ. ಸಂಜೆ ಬಂದು ನೋಡುತ್ತೇನೆ, ಮಾನಿಟರು ಕಪ್ಪಗಿದೆ. ಮಾವ ಕೆಳಗಿನ ಡಬ್ಬವನ್ನು ವೈರುಗಳ ಸಮೇತ ಎತ್ತಿ ಕಿವಿಗೆ ಹಚ್ಚಿ ಅಲ್ಲಾಡಿಸುತ್ತಿದ್ದಾರೆ.

"ಇನ್ನೂ ಆಗಿಲ್ಲ ಕಣವ್ವ" ಅಂದರು. "ಒಳಗೆ ಒಂಚೂರೂ ಗಡಗಡ ಅನ್ನಂಗಿಲ್ಲ."

ಇಡೀ ದಿನದ ಲೆಕ್ಕ ಹೋಗಿತ್ತು. ಅಳುವುದೋ ಬೈಯುವುದೋ ಗೊತ್ತಾಗದೆ ಡಬ್ಬ ಕಿತ್ತುಕೊಂಡೆ. ಒಳಗೆ ಯಾವುದೋ ಸ್ಕ್ರೂ ಕಳಚಿಕೊಂಡು ಗಡಗಡ ಅಂದಿತು.

ಮಾವನ ಮುಖ ಅರಳಿತು. "ಹಾಂ! ಈಗ ಆಯ್ತು ನೋಡು. ಸುಲೀಬೌದು."

ಸೀರೆ

ಕೊನೆಯ ದಿನಕ್ಕೆ ಉಳಿದವರೆಲ್ಲ ಗೊಂಬೆಗೆ ಹೊಲಿದ ಲಂಗ, ಫ್ರಾಕು ತೊಡಿಸಿದರು. ನಾನು ಜಂಬದಿಂದ ಸೀರೆ ಉಡಿಸಿದೆ. ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದೆ, ಸೆರಗು ಹೊದಿಸಿದೆ. ಗೊಂಬೆ ನಾಲ್ಕು ಹೆಜ್ಜೆ ಲಕ್ಷಣವಾಗಿ ನಡೆಯುತ್ತಿತ್ತು. ಐದನೇ ಹೆಜ್ಜೆಗೆ ಸೀರೆ ಪೂರ್ತಿ ಜಾರಿ ಕಾಲ ಬುಡಕ್ಕೆ ಬೀಳುತ್ತಿತ್ತು.

ಎರಡು ವಾರ ಮೇಷ್ಟ್ರು ತೂಕ ಬದಲಿಸಿದರು, ಗಾಳಿ ನಿಲ್ಲಿಸಿದರು, ಬಟ್ಟೆ ಒರಟು ಮಾಡಿದರು. ಐದನೇ ಹೆಜ್ಜೆಗೆ ಜಾರುವುದು ತಪ್ಪಲಿಲ್ಲ. ಕೊನೆಗೆ, "ನಾಲ್ಕು ಹೆಜ್ಜೆಗೆ ನಿಲ್ಲಿಸಿಬಿಡೋಣ ಮೇಡಂ, ಯಾರಿಗೂ ಗೊತ್ತಾಗಲ್ಲ" ಅಂದರು.

ಕೊನೆಯ ದಿನ ಅತ್ತೆಗೆ ತಿಪಟೂರಿನಲ್ಲಿ ಹೊಸ ಕನ್ನಡಕ ತೆಗೆದುಕೊಳ್ಳುವುದಿತ್ತು. ಕನ್ನಡಕ ಹಾಕಿಕೊಂಡು, ಮಗಳನ್ನು ಎತ್ತಿಕೊಂಡು ಸೆಂಟರಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಸ್ಟುಡಿಯೋದ ಇಬ್ಬರು ಮುಂದೆ ಕೂತರು. ಗೋಡೆಯ ಮೇಲೆ ನನ್ನ ಗೊಂಬೆ ನಾಲ್ಕು ಹೆಜ್ಜೆ ನಡೆದು ನಿಂತಿತು.

"ಚೆನ್ನಾಗಿದೆ" ಅಂದರು ಅವರಲ್ಲಿ ಹಿರಿಯರು. ನನಗೆ ಹೋದ ಜೀವ ಬಂತು. "ಇನ್ನೊಂದೆರಡು ಹೆಜ್ಜೆ ಮುಂದಕ್ಕೆ ಓಡಿಸಿ, ನೋಡೋಣ."

ಬಂದ ಜೀವ ಹೋಯಿತು. ಮೇಷ್ಟ್ರು ಕೀಲಿ ಒತ್ತಿದರು. ಐದನೇ ಹೆಜ್ಜೆ.

ಅತ್ತೆ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಓಡಿಬಂದರು. ಗೋಡೆಗೆ ಬೆನ್ನು ಕೊಟ್ಟು, ತಮ್ಮ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಗೊಂಬೆಗೆ ಅಡ್ಡ ನಿಂತರು. "ಗಂಡಸರೆಲ್ಲ ಅತ್ಲಾಗ್ ತಿರುಗ್ರಪ್ಪ!"

ಸ್ಟುಡಿಯೋದವರು ಗಾಬರಿಯಿಂದ ನಿಜವಾಗಿ ತಿರುಗಿದರು. ಅತ್ತೆ ಕತ್ತು ಹೊರಳಿಸಿ ಗೋಡೆಯನ್ನೊಮ್ಮೆ ನೋಡಿ, ನನ್ನ ಮೇಲೆ ಹರಿಹಾಯ್ದರು. "ಲೇ, ಒಳಗೆ ಲಂಗ ಎಲ್ಲೇ? ಲಾಡಿ ಎಲ್ಲೇ? ಬರೀ ಮೈಗೆ ನೆರಿಗೆ ಸಿಕ್ಸಿದ್ರೆ ನಿಂತಾತೇನೇ?"

ಎರಡು ವಾರ ಆ ಸೀರೆಯ ಮುಂದೆ ತಲೆ ಚಚ್ಚಿಕೊಂಡಿದ್ದೆ. ದಿನವೂ ಲಂಗ ತೊಟ್ಟು, ಲಾಡಿ ಬಿಗಿದು, ಸೀರೆ ಉಟ್ಟುಕೊಂಡೇ ಚಚ್ಚಿಕೊಂಡಿದ್ದೆ.

ಹಿರಿಯರು ನಕ್ಕು, ಸಂಜೆಯವರೆಗೆ ಸಮಯ ಕೊಟ್ಟರು. ಗೊಂಬೆಗೆ ಲಂಗ ಹಾಕಿ, ಸೊಂಟದ ಪಟ್ಟಿ ಬಿಗಿಮಾಡಿ, ನೆರಿಗೆಯನ್ನು ಅದಕ್ಕೆ ಸಿಕ್ಕಿಸಿದೆ. ಐದನೇ ಹೆಜ್ಜೆಗೆ ನಾನು ಕಣ್ಣು ಮುಚ್ಚಿಕೊಂಡೆ. ಚಪ್ಪಾಳೆ ಕೇಳಿ ಕಣ್ಣು ಬಿಟ್ಟಾಗ ಗೊಂಬೆ ಇಪ್ಪತ್ತನೇ ಹೆಜ್ಜೆಯಲ್ಲಿತ್ತು, ಸೀರೆ ಸೊಂಟದಲ್ಲೇ ಇತ್ತು. ಅಬ್ಬಾ! ಹೆರಿಗೆಯಾದಾಗಲೂ ಅಷ್ಟು ಹಗುರಾಗಿರಲಿಲ್ಲ.

"ಸೋಮವಾರದಿಂದ ಕೆಲಸಕ್ಕೆ ಬನ್ನಿ" ಅಂದರು ಹಿರಿಯರು. "ಮೊದಲನೇ ಕೆಲಸ ಒಬ್ಬ ರಾಜಂದು. ಯುದ್ಧಕ್ಕೆ ಹೊರಡ್ತಾನೆ. ಆರು ತಿಂಗಳಿಂದ ಒದ್ದಾಡ್ತಿದ್ದೀವಿ, ಕುದುರೆ ಹತ್ತೋ ಹೊತ್ತಿಗೆ ಸರಿಯಾಗಿ ಅವನ ಕಚ್ಚೆ ಬಿಚ್ಚಿಹೋಗುತ್ತೆ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಸೊಂಟಕ್ಕೆ ಉಡಿದಾರ ಕಟ್ಟಿದ್ದೀರೇನಪ್ಪ ಅವ್ನಿಗೆ?"

ಸ್ಟುಡಿಯೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲಮ್ಮ."

"ಉಡಿದಾರನೂ ಇಲ್ದೆ, ಯಾವ ಧೈರ್ಯದ ಮೇಲೆ ಯುದ್ಧಕ್ಕೆ ಹೊರಟವ್ನೆ?"