ಹಡಗು ಹತ್ತುವ ಮೊದಲು ಬಂದ ಸೀನು

ಸುಂದರಿ: ಅದು ಸೀನೇ ಅಲ್ಲ.

ಸಾಂತಪ್ಪ: ಮತ್ತೆಂತ ಅದು? ಸೈರನ್ನಾ?

ಸುಂದರಿ: ಕಡ್ಡಿ ಹಾಕಿದ್ದಕ್ಕೆ ಮೂಗು ಕೊಟ್ಟ ಉತ್ತರ. ಸೀನು ಅಂದ್ರೆ ತಾನಾಗಿ ಬರ್ಬೇಕು.

ಸಾಂತಪ್ಪ: ತಾನಾಗಿ ಬಂದದ್ದು, ಕರೆದು ಬಂದದ್ದು ಅಂತ ಅಪಶಕುನದಲ್ಲಿ ಎರಡು ಜಾತಿ ಇಲ್ಲ. ಹೊರಡುವ ಮುಂಚೆ ಒಂಟಿ ಸೀನು ಬಂತು. ಪ್ರಯಾಣ ಇಲ್ಲ. ಮುಗೀತು.

ಸುಂದರಿ: ಮೂಗಿನೊಳಗೆ ಅಷ್ಟುದ್ದದ ಕಡ್ಡಿ ತಿರುಗಿಸಿದ್ರೆ ಕಲ್ಲಿನ ಮೂರ್ತಿಯೂ ಸೀನ್ತದೆ ಮಾರಾಯ್ರೆ.

ಸಾಂತಪ್ಪ: ಅದಕ್ಕೇ ಅದು ಎಲ್ಲಿಗೂ ಹೊರಡುವುದಿಲ್ಲ. ಕೂತಲ್ಲೇ ಕೂತಿದೆ.

ಸೌದಿಯ ರಾಬಿಗ್‌ನ ಕಂಪನಿ ಕ್ವಾರ್ಟರ್ಸಿನಲ್ಲಿ ಅದು ಶುಕ್ರವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಮತ್ತು ಪರೀಕ್ಷೆಯ ಎರಡು ಡಬ್ಬಿ ಬಿಟ್ಟರೆ ನೀರಿನ ಲೋಟವೂ ಇರಬಾರದೆಂದು ಆಜ್ಞೆಯಾಗಿತ್ತು. ಮರುದಿನ ಜಿದ್ದಾದಿಂದ ಹೊರಡುವ ಪ್ರವಾಸಿ ಹಡಗು ಹತ್ತಬೇಕಾದರೆ ಮನೆಯಲ್ಲೇ ಕೋವಿಡ್ ಪರೀಕ್ಷೆ ಮಾಡಿಕೊಳ್ಳಬೇಕು, ಮಾಡಿಕೊಳ್ಳುವಾಗ ಕಳ್ಳಾಟ ಆಡದಂತೆ ಲ್ಯಾಪ್‌ಟಾಪಿನ ಪರದೆಯಿಂದ ಒಬ್ಬರು ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಹಾಗೆ ನೋಡುತ್ತಿದ್ದ ಹುಡುಗಿಯ ಹೆಸರು ಇಫ್ರಾ. ತಲೆಗೆ ಬೂದು ಬಣ್ಣದ ಸ್ಕಾರ್ಫು, ಕಿವಿಗೆ ಹೆಡ್‌ಫೋನು, ಮಾತೆಲ್ಲ ಹಿಂದಿಯಲ್ಲಿ.

ಸಾಂತಪ್ಪ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ಹೆಲ್ಮೆಟ್ ಇಲ್ಲದವನನ್ನು ಗೇಟಿನೊಳಗೆ ಬಿಡುವವನಲ್ಲ, ಬೆಕ್ಕು ಅಡ್ಡ ಬಂದರೆ ತನ್ನ ಕಾರನ್ನು ಗೇಟಿನ ಹೊರಗೆ ಬಿಡುವವನೂ ಅಲ್ಲ. ಅವನ ಪ್ರಕಾರ ಎರಡೂ ಸುರಕ್ಷತೆಯೇ. ಅವನ ಪರೀಕ್ಷೆ ಮೊದಲು ಆಗಿತ್ತು. ಮೂಗಿನಿಂದ ಕಡ್ಡಿ ತೆಗೆದು ಟ್ಯೂಬಿಗೆ ಹಾಕಿ, ಹನಿಯನ್ನು ಪಟ್ಟಿಗೆ ಬಿಟ್ಟು, ಇನ್ನೇನು ಗೆರೆ ಮೂಡಬೇಕು ಎನ್ನುವಾಗ ಆ ಒಂದು ಸೀನು ಬಂದಿತ್ತು.

ಸುಂದರಿಗೆ ಮಾತ್ರ ಈ ಹಡಗು ಬೇಕೇ ಬೇಕು. ಅವಳು ಮಲ್ಪೆಯ ದೋಣಿ ಮಾಲೀಕರ ಮಗಳು. ಅಪ್ಪ ದೋಣಿಗೆ ಅವಳ ಹೆಸರನ್ನೇ ಇಟ್ಟಿದ್ದರು, ಆದರೆ ಹೆಂಗಸರು ದೋಣಿ ಹತ್ತುವ ಕ್ರಮ ಇಲ್ಲವೆಂದು ಅವಳನ್ನು ಮರಳಿನ ಮೇಲೇ ನಿಲ್ಲಿಸಿದ್ದರು. ‘ಸುಂದರಿ’ ದಿನಾ ಕಡಲಿಗೆ ಹೋಗುತ್ತಿತ್ತು, ಸುಂದರಿ ಹೋಗಲಿಲ್ಲ. ಮದುವೆಯಾಗಿ ಸೌದಿಗೆ ಬಂದರೆ ಇಲ್ಲಿಯೂ ಅಡುಗೆಮನೆಯ ಕಿಟಕಿಯಲ್ಲಿ ಕಡಲು. ಪಾತ್ರೆ ತೊಳೆಯುತ್ತಾ ಹಡಗುಗಳನ್ನು ನೋಡಿದ್ದೇ ನೋಡಿದ್ದು. ಊರಿನಲ್ಲಿರುವ ಮಗಳು ಮೋನಿಷಾ ಈ ಟಿಕೆಟ್ ಮಾಡಿಸಿಕೊಟ್ಟ ದಿನ ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದಳು. ಈಗ ಗಂಡನ ಮೂಗು ಅಡ್ಡ ಬಂದಿತ್ತು.

ಇವರ ಮನೆಮಾತು ತುಳು. ಆದರೆ ಪಾಯಿಂಟ್ ಹಾಕಿ ಜಗಳ ಆಡುವುದಿದ್ದರೆ ಇಬ್ಬರೂ ಕನ್ನಡಕ್ಕೆ ಬರುತ್ತಾರೆ. ಶಾಲೆಯಲ್ಲಿ ಚರ್ಚಾಸ್ಪರ್ಧೆ ಮಾಡಿದ್ದು ಆ ಭಾಷೆಯಲ್ಲಿ.

ಸಾಂತಪ್ಪ: ಪ್ಲಾಂಟಿನಲ್ಲಿ ಅಲಾರಂ ಒಂದು ಸಲ ಹೊಡೆದ್ರೆ ನಾನು ಕೆಲಸ ನಿಲ್ಲಿಸ್ತೇನೆ. ಯಾಕೆ ಹೊಡೆಯಿತು ಅಂತ ಆಮೇಲೆ ನೋಡುವುದು.

ಸುಂದರಿ: ಪ್ಲಾಂಟಿನವರು ನಿಮ್ಮ ಮೂಗನ್ನು ಗೋಡೆಗೆ ಹಾಕಿದ್ದಾರಾ, ಅಲಾರಂ ಅಂತ?

ಸಾಂತಪ್ಪ: ತಮಾಷೆ ಮಾಡ್ಬೇಡ. ಇನ್ನೊಂದು ಬಂದ್ರೆ ಜೋಡಿ ಆಗ್ತದೆ, ದೋಷ ಹೋಗ್ತದೆ. ಅಲ್ಲಿವರೆಗೆ ಈ ಕುರ್ಚಿಯಿಂದ ನಾನು ಏಳುವುದಿಲ್ಲ.

ಸುಂದರಿ: ಹಾಗಾದ್ರೆ ತರಿಸಿ ಇನ್ನೊಂದು.

ಸಾಂತಪ್ಪ: ತರಿಸ್ಲಿಕ್ಕೆ ಅದೆಂತ ಅಂಗಡಿಯ ಕುಬ್ಬೂಸ್ ರೊಟ್ಟಿಯಾ?

ಸುಂದರಿ: ಟ್ಯೂಬ್‌ಲೈಟ್ ನೋಡಿ. ನೋಡ್ತಾ ಇರಿ. ಬರ್ತದೆ.

ಸಾಂತಪ್ಪ ಕತ್ತೆತ್ತಿ ಟ್ಯೂಬ್‌ಲೈಟ್ ನೋಡತೊಡಗಿದ. ಪರದೆಯಲ್ಲಿ ಇಫ್ರಾ ಕೂಡ ಒಮ್ಮೆ ಮೇಲೆ ನೋಡಿದಳು.

ಇಫ್ರಾ: (ಹಿಂದಿಯಲ್ಲಿ) ಸರ್, ಏನಾದರೂ ತೊಂದರೆಯೇ?

ಸಾಂತಪ್ಪ: (ಹಿಂದಿಯಲ್ಲಿ, ಕಣ್ಣು ಕೆಳಗಿಳಿಸದೆ) ಒಂದೇ ಬಂತು.

ಇಫ್ರಾ: ಒಂದೇ ಬರಬೇಕು ಸರ್. ಒಂದೇ ಗೆರೆ ಬಂದರೆ ನೆಗೆಟಿವ್.

ಸಾಂತಪ್ಪ: ನಮಗೆ ಎರಡು ಬೇಕಿತ್ತು.

ಇಫ್ರಾ: ಎರಡು ಬಂದರೆ ಹಡಗು ಹತ್ತಲು ಬಿಡುವುದಿಲ್ಲ ಸರ್.

ಸಾಂತಪ್ಪ: ಒಂದೇ ಆದರೆ ನಾನು ಹತ್ತುವುದಿಲ್ಲ.

ಇಫ್ರಾ: ಪಾಸಿಟಿವ್ ಬರಲಿ ಎಂದು ಆಸೆಪಡುತ್ತಿದ್ದೀರಾ ಸರ್? ಹಾಗಿದ್ದರೆ ಅದನ್ನು ನಾನು ದಾಖಲು ಮಾಡಬೇಕಾಗುತ್ತದೆ.

ಸುಂದರಿ: (ಹಿಂದಿಯಲ್ಲಿ) ಗೆರೆ ಅಲ್ಲಮ್ಮ, ಸೀನು. ಅವರು ಸೀನಿನ ಲೆಕ್ಕ ಹೇಳುವುದು. ಇನ್ನೊಂದು ಸೀನು ಬರುವವರೆಗೆ ಸ್ವಲ್ಪ ತಡಿ.

ಇಫ್ರಾ: ಕಡ್ಡಿ ಹಾಕಿದ್ದಕ್ಕೆ ಬಂದ ಸೀನು ಸಹಜ ಮೇಡಂ, ಅದನ್ನು ಬರೆಯುವುದಿಲ್ಲ. ಕಡ್ಡಿ ಇಲ್ಲದೆ ಇನ್ನೊಂದು ಬಂದರೆ ಅದು ರೋಗಲಕ್ಷಣ. ಬರೆಯಲೇಬೇಕು. ಬರೆದರೆ ನಾಳೆಯ ಹಡಗಿಲ್ಲ.

ಅಷ್ಟರಲ್ಲಿ ಟ್ಯೂಬ್‌ಲೈಟ್ ತನ್ನ ಕೆಲಸ ಮಾಡಿತ್ತು. ಸಾಂತಪ್ಪನ ಮೂಗಿನ ಹೊಳ್ಳೆ ಅರಳಿತು, ಬಾಯಿ ತೆರೆಯಿತು. ಸುಂದರಿ ಅಂಗೈಯಿಂದ ಅವನ ಕಣ್ಣು ಮುಚ್ಚಿದಳು.

ಸುಂದರಿ: ಬೇಡ. ಒಳಗೆ ಹಾಕಿ.

ಸಾಂತಪ್ಪ: ಈಗಷ್ಟೇ ತರಿಸಿ ಅಂದೆಯಲ್ಲ?

ಸುಂದರಿ: ಕ್ಯಾನ್ಸಲ್.

ಸಾಂತಪ್ಪ: ಬಾಗಿಲಿಗೆ ಬಂದದ್ದನ್ನು ವಾಪಸು ಕಳಿಸುವುದು ಹೇಗೆ?

ಇಫ್ರಾ: (ಹಿಂದಿಯಲ್ಲಿ) ಮೇಡಂ, ಸರ್ ಅವರ ಮುಖ ಮುಟ್ಟಬೇಡಿ.

ಮಾತಿನ ನಡುವೆ ಸೀನು ಹೊರಟುಹೋಯಿತು. ಸಾಂತಪ್ಪ ಬಸ್ಸು ತಪ್ಪಿದವನ ಹಾಗೆ ಕೂತ. ಸುಂದರಿ ಬೆರಳು ಮಡಚಿ ಎಣಿಸಿದಳು. ಒಂದೇ ಸೀನಾದರೆ ಗಂಡ ಹೊರಡುವುದಿಲ್ಲ, ಎರಡಾದರೆ ಹಡಗಿನವರು ಹತ್ತಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಸಾಂತಪ್ಪ: ನೋಡು, ಹಡಗಿನವರೂ ಸೀನಿಗೆ ಹೆದರ್ತಾರೆ. ಅವರು ಎರಡನೆಯದ್ದಕ್ಕೆ ಹೆದರುವುದು, ನಾವು ಒಂದನೆಯದ್ದಕ್ಕೇ ಹೆದರುವುದು. ಸೇಫ್ಟಿಯಲ್ಲಿ ನಮ್ಮ ಹಿರಿಯರು ಒಂದು ಹೆಜ್ಜೆ ಮುಂದೆ.

ಸುಂದರಿ: ಆ ಹುಡುಗಿಯ ಎದುರು ಮರ್ಯಾದೆ ತೆಗೀಬೇಡಿ.

ಸಾಂತಪ್ಪ: ಅವಳಿಗೆ ಎಂತ ಅರ್ಥ ಆಗ್ತದೆ, ಪಾಪ. ಹೈದರಾಬಾದೋ, ಲಕ್ನೋವೋ.

ಇಫ್ರಾ: (ಕನ್ನಡದಲ್ಲಿ) ಭಟ್ಕಳ, ಸರ್.

ಸಾಂತಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಸಾಂತಪ್ಪ: ಮೊದಲೇ ಹೇಳಬಾರದಿತ್ತಾ?

ಇಫ್ರಾ: ಪರೀಕ್ಷೆ ನಡೆಯುವಾಗ ಸ್ವಂತ ವಿಷಯ ಮಾತಾಡ್ಬಾರದು ಅಂತ ರೂಲ್ಸ್ ಉಂಟು ಸರ್. ಆದ್ರೆ ನೀವು ಹೀಗೆ ಕೂತ್ರೆ ನನ್ನ ಮುಂದಿನವರು ಕಾಯ್ಬೇಕಾಗ್ತದೆ. ಅವರಿಗೂ ನಾಳೆಯದ್ದೇ ಹಡಗು.

ಸುಂದರಿ: ಈಗ ಎಲ್ಲಿ ಕೂತಿದ್ದಿ ನೀನು? ಊರಿನಲ್ಲಾ?

ಇಫ್ರಾ: ಇಲ್ಲೇ ಸೌದಿಯಲ್ಲಿ, ಖೋಬರ್‌ನಲ್ಲಿ. ಮನೆಯಿಂದಲೇ ಕೆಲಸ.

ಸುಂದರಿ: ಹಾಗಾದ್ರೆ ನೀನೇ ಹೇಳು ಮಗಾ. ಒಂಟಿ ಸೀನು ಕೆಟ್ಟದ್ದಾ?

ಇಫ್ರಾ: ನಮ್ಮಲ್ಲಿ ಹಾಗಿಲ್ಲ ಆಂಟಿ. ಸೀನಿದವರು ಅಲ್‌ಹಮ್ದುಲಿಲ್ಲಾ ಅಂತ ದೇವರನ್ನು ಸ್ತುತಿಸ್ತಾರೆ. ಕೇಳಿದವರು ನಿಮಗೆ ದೇವರ ಕರುಣೆ ಇರಲಿ ಅಂತ ಹಾರೈಸ್ತಾರೆ. ಒಂದಾದ್ರೂ ಅಷ್ಟೇ, ಎರಡಾದ್ರೂ ಅಷ್ಟೇ.

ಸುಂದರಿ ಗಂಡನ ಕಡೆ ತಿರುಗಿದಳು. ಚರ್ಚಾಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ತಂದುಕೊಡುತ್ತಿದ್ದ ನಿಲುವು ಅದು.

ಸುಂದರಿ: ಕೇಳಿದ್ರಾ? ಈ ದೇಶದವರದ್ದೂ ಅದೇ ಕ್ರಮ. ನಿಮ್ಮ ವಾಸದ ಪರ್ಮಿಟ್ಟು, ಈ ಇಕಾಮಾ, ಯಾವ ದೇಶದ್ದು?

ಸಾಂತಪ್ಪ: ಇಲ್ಲಿಯದ್ದು.

ಸುಂದರಿ: ಡ್ರೈವಿಂಗ್ ಲೈಸೆನ್ಸ್?

ಸಾಂತಪ್ಪ: ಇಲ್ಲಿಯದ್ದೇ.

ಸುಂದರಿ: ಶುಕ್ರವಾರ ರಜೆ, ಆದಿತ್ಯವಾರ ಡ್ಯೂಟಿ ಅಂದ್ರು. ಒಪ್ಪಿಕೊಂಡ್ರಿ. ರಸ್ತೆಯ ಬಲಗಡೆ ಕಾರು ಓಡಿಸಿ ಅಂದ್ರು. ಓಡಿಸಿದ್ರಿ. ಸೀನು ಮಾತ್ರ ಮಲ್ಪೆಯ ಕಾನೂನಿನ ಪ್ರಕಾರವಾ?

ಸಾಂತಪ್ಪ: ಪಾಸ್‌ಪೋರ್ಟ್ ಭಾರತದ್ದಲ್ಲವಾ?

ಸುಂದರಿ: ಅದು ಕಂಪನಿಯ ಫೈಲು ನೋಡುವವರಿಗೆ. ಸೀನಿದ್ದು ಎಲ್ಲಿ? ಈ ನೆಲದಲ್ಲಿ. ನಿಮ್ಮ ಪ್ಲಾಂಟಿನಲ್ಲಿ ಕೆಲಸಕ್ಕೆ ಬಂದ ಜಪಾನಿನವನು ಜಪಾನಿನ ಸೇಫ್ಟಿ ರೂಲ್ಸ್ ಹೇಳಿದ್ರೆ ಕೇಳ್ತೀರಾ?

ಸಾಂತಪ್ಪ: ಕೇಳುವುದಿಲ್ಲ. ಸೈಟ್ ಯಾರದ್ದೋ ರೂಲ್ಸ್ ಅವರದ್ದು.

ಹೇಳಿ ಆದ ಮೇಲೆ ತಾನು ಏನು ಹೇಳಿದೆನೆಂದು ಸಾಂತಪ್ಪನಿಗೆ ಗೊತ್ತಾಯಿತು. ಮೀಟಿಂಗಿನಲ್ಲಿ ತಾನು ಸೀನಿದಾಗಲೆಲ್ಲ ಅಮ್ಮಾರ್ ಎಂಬ ಮ್ಯಾನೇಜರು ಕೈಯೆತ್ತಿ ಹಾರೈಸಿದ್ದು, ಮೀಟಿಂಗು ಯಾವ ಅನಾಹುತವೂ ಇಲ್ಲದೆ ಮುಗಿದದ್ದು ಅವನಿಗೆ ನೆನಪಿತ್ತು. ಅದನ್ನು ಹೆಂಡತಿಗೆ ಅವನೇ ಹೇಳಿದ್ದ.

ಸಾಂತಪ್ಪ: ಆಯ್ತು. ಸೈಟ್ ರೂಲ್ಸ್. ಹೋಗುವ.

ಇಫ್ರಾ: ಸರ್, ನಿಮ್ಮ ಪಟ್ಟಿಯನ್ನು ಕ್ಯಾಮರಾಕ್ಕೆ ಹಿಡಿಯಿರಿ. ಒಂದೇ ಗೆರೆ. ನೆಗೆಟಿವ್. ಈಗ ಆಂಟಿ, ನೀವು.

ಸುಂದರಿ ಗೆದ್ದ ಹುರುಪಿನಲ್ಲಿ ಡಬ್ಬಿ ಒಡೆದು ಕಡ್ಡಿ ತೆಗೆದಳು. ಬಲ ಹೊಳ್ಳೆಯಲ್ಲಿ ತಿರುಗಿಸಿದಳು, ಎಡ ಹೊಳ್ಳೆಯಲ್ಲಿ ತಿರುಗಿಸಿದಳು, ಕಡ್ಡಿಯನ್ನು ಟ್ಯೂಬಿಗೆ ಇಳಿಸಿದಳು, ಪಟ್ಟಿಗೆ ಹನಿಯನ್ನೂ ಬಿಟ್ಟಳು. ಆಗ ಮೂಗಿನ ಬುಡದಲ್ಲಿ ಕಚಗುಳಿ ಶುರುವಾಯಿತು. ಅವಳ ಎರಡು ಬೆರಳು ತಾವಾಗಿಯೇ ಮೇಲೆದ್ದು ಮೂಗು ಹಿಡಿದವು.

ಅಪ್ಪ ಕಡಲಿಗೆ ಹೊರಡುವ ಹೊತ್ತಿಗೆ ಮಕ್ಕಳಲ್ಲಿ ಯಾರಾದರೂ ಮುಖ ಕಿವುಚಿದರೆ ಅಮ್ಮ ಹೀಗೇ ಓಡಿಬಂದು ಮೂಗು ಹಿಡಿಯುತ್ತಿದ್ದಳು. ಹಿಡಿಯಲು ತಡವಾದ ದಿನ ಅಪ್ಪ ಬಲೆ ಕೆಳಗಿಟ್ಟು ಜಗಲಿಯಲ್ಲಿ ಕೂತು ನೀರು ಕುಡಿದೇ ಹೊರಡುತ್ತಿದ್ದರು. ಇಷ್ಟು ಹೊತ್ತು ಬಾಯಿ ಏನೇ ವಾದ ಮಾಡಿರಲಿ, ಬೆರಳುಗಳು ಅಮ್ಮನವೇ ಆಗಿದ್ದವು.

ಇಫ್ರಾ: ಆಂಟಿ, ಮೂಗು ಬಿಡಿ. ಕೈ ಕೆಳಗಿರಬೇಕು.

ಬಿಟ್ಟಳು. ಸೀನು ಬಂತು, ಒಂದೇ ಒಂದು. ಇನ್ನೊಂದಕ್ಕೆ ಮೂವರೂ ಕಾದರು. ಬರಲಿಲ್ಲ.

ಇಫ್ರಾ: ಕಡ್ಡಿಗೆ ಬಂದದ್ದು. ಬರೆಯುವುದಿಲ್ಲ.

ಸುಂದರಿ: ಬೇಡ ಮಾರಾಯ್ರೆ. ಹೋಗುವುದು ಬೇಡ.

ಸಾಂತಪ್ಪ: ಯಾಕೆ? ಸೈಟ್ ರೂಲ್ಸ್ ಅಂತ ಈಗಷ್ಟೇ ಆಯ್ತಲ್ಲ.

ಸುಂದರಿ: ಅದು ನಿಮ್ಮ ಸೀನಿಗೆ. ನಿಮ್ಮನ್ನು ಈ ದೇಶ ಕೆಲಸಕ್ಕೆ ಕರೆದದ್ದು. ನನ್ನನ್ನು ಯಾರೂ ಕರೀಲಿಲ್ಲ. ನಾನು ನಿಮ್ಮ ಹಿಂದೆ ಫ್ಯಾಮಿಲಿ ವೀಸಾದಲ್ಲಿ ಬಂದವಳು, ನನ್ನ ಇಕಾಮಾದಲ್ಲಿ ಕಫೀಲ್, ಅಂದ್ರೆ ಜವಾಬ್ದಾರಿ ಹೊತ್ತವ, ಅಂತ ಇರುವುದು ನಿಮ್ಮ ಹೆಸರು. ನನ್ನ ಸೀನು ಊರಿನದ್ದೇ.

ಅವಳ ಸ್ವರ ಸಣ್ಣದಾಗಿತ್ತು. ತಾನು ಹೀಗೆ ಹೆದರಿಯೇನೆಂದು ಅವಳೇ ಎಣಿಸಿರಲಿಲ್ಲ. ಇಷ್ಟು ವರ್ಷ ಕಿಟಕಿಯಿಂದ ನೋಡಿದ ಕಡಲು ಕೈಗೆ ಸಿಕ್ಕುವ ಹೊತ್ತಿಗೆ ತನ್ನ ಮೂಗೇ ತನ್ನನ್ನು ಮರಳಿನ ಮೇಲೆ ನಿಲ್ಲಿಸಿತ್ತು. ಗಂಡ ಈಗ ‘ನಾನು ಮೊದಲೇ ಹೇಳಲಿಲ್ಲವಾ’ ಎನ್ನುತ್ತಾನೆಂದು ಕಾದಳು. ಸಾಂತಪ್ಪ ಅದನ್ನು ಹೇಳಲಿಲ್ಲ. ಅವಳನ್ನು ಒಂದು ಗಳಿಗೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಸಾಂತಪ್ಪ: ನಿನ್ನ ಕಫೀಲ್ ಯಾರು ಅಂದೆ?

ಸುಂದರಿ: ನೀವು.

ಸಾಂತಪ್ಪ: ನಿನ್ನ ಆಸ್ಪತ್ರೆ ಕಾರ್ಡು ಯಾರ ಲೆಕ್ಕದಲ್ಲಿ?

ಸುಂದರಿ: ನಿಮ್ಮದೇ.

ಸಾಂತಪ್ಪ: ನೀನು ಊರಿಗೆ ಹೋಗಿಬರುವ ಪರ್ಮಿಟ್ಟು?

ಸುಂದರಿ: ಅದೂ ನಿಮ್ಮ ಮೊಬೈಲಿಗೇ ಬರುವುದು. ಈಗ ಅದೆಲ್ಲ ಯಾಕೆ?

ಸಾಂತಪ್ಪ: ಕಫೀಲ್ ಅಂದ್ರೆ ಸುಮ್ಮನೆ ಆಯ್ತಾ? ಅವನ ಕೈಕೆಳಗಿನವರು ಏನು ಮಾಡಿದ್ರೂ ಅವನ ಖಾತೆಗೆ. ಹಾಗಾದ್ರೆ ನಿನ್ನ ಸೀನು ಯಾರ ಖಾತೆಗೆ?

ಸುಂದರಿ: ನಿಮ್ಮ ಖಾತೆಗೆ.

ಸಾಂತಪ್ಪ: ಆ ಖಾತೆಯಲ್ಲಿ ಆಗಲೇ ಒಂದು ಇತ್ತು.

ಸುಂದರಿ ಮುಖವೆತ್ತಿದಳು. ಲೆಕ್ಕದಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕಿದಳು. ಹುಡುಕುವ ಮನಸ್ಸು ಅಷ್ಟೇನೂ ಇರಲಿಲ್ಲ.

ಸುಂದರಿ: ಎರಡಾಯ್ತು.

ಸಾಂತಪ್ಪ: ಜೋಡಿ. ಇದಕ್ಕಿಂತ ಒಳ್ಳೆ ಶಕುನ ಇಲ್ಲ. ನೀನು ಬೇಡ ಅಂದ್ರೂ ಈಗ ನಾನು ಬಿಡುವುದಿಲ್ಲ, ನಾಳೆ ಹೊರಡಲೇಬೇಕು.

ಇಫ್ರಾ: ಆಂಟಿ, ನಿಮ್ಮದೂ ಒಂದೇ ಗೆರೆ. ನೆಗೆಟಿವ್. ಸರ್ಟಿಫಿಕೇಟ್ ಇಬ್ಬರ ಮೇಲ್‌ಗೂ ಕಳಿಸಿದ್ದೇನೆ.

ಸುಂದರಿಯ ಫೋನು ಟಿಣ್ ಎಂದಿತು. ತೆರೆದು ನೋಡಿದಳು. ತನ್ನ ಹೆಸರು, ಹಡಗಿನ ಹೆಸರು, ಮರುದಿನದ ತಾರೀಕು ಎಲ್ಲ ಸರಿಯಾಗಿತ್ತು. ಇನ್ನೊಮ್ಮೆ ಓದಿದಳು.

ಸುಂದರಿ: ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಾ.

ಇಫ್ರಾ: ಹೋಗಿ ಬನ್ನಿ ಆಂಟಿ. ನಿಮ್ಮಿಬ್ಬರ ಪ್ರಯಾಣ...

ಮಾತು ಅಲ್ಲಿಗೇ ನಿಂತಿತು. ಪರದೆಯಲ್ಲಿ ಇಫ್ರಾಳ ಕಣ್ಣು ಕಿರಿದಾಯಿತು, ಮೂಗು ಅರಳಿತು, ಒಂದು ಸೀನು ಖೋಬರ್‌ನಿಂದ ರಾಬಿಗ್‌ಗೆ ಸ್ಪಷ್ಟವಾಗಿ ಬಂದು ತಲುಪಿತು. ಸುಂದರಿ ಲ್ಯಾಪ್‌ಟಾಪನ್ನು ನಿಧಾನವಾಗಿ ಮಡಚಿದಳು.

ಸಾಂತಪ್ಪ: ಈಗ ಮೂರಾಗಲಿಲ್ಲವಾ?

ಸುಂದರಿ: ಅವಳ ಕಫೀಲ್ ಬೇರೆ.