ಫಾದರ್ ಜೊತೆ ಅಂಕದ ಚೌಕಾಸಿ

ದೋಹಾದಲ್ಲಿ ಹದಿನಾರು ವರ್ಷ ಪೈಪು, ನಲ್ಲಿ ಮಾರಿದವನ ಮಾತು ಕೇಳಿ: ಕೊಳ್ಳುವವನು ಸರಕನ್ನು ಹೊಗಳಬಾರದು. ನೀವು ಮೂಗು ಮುರಿದರೆ ಸಾಕು, ಹೊಗಳುವ ಕೆಲಸ ಅಂಗಡಿಯವನ ತಲೆಗೆ ಬೀಳುತ್ತದೆ. ಎಂಟನೇ ಕ್ಲಾಸು ದಾಟದ ನಾನು ಈ ಒಂದೇ ಸೂತ್ರದ ಮೇಲೆ ಅಲ್ ಹಿಲಾಲ್ ಬಡಾವಣೆಯಲ್ಲಿ ಸಂಸಾರ ಹೂಡಿದೆ, ಮಗಳು ಲವೀನಾಳನ್ನು ಮನಿಲಾದ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೂ ಕಳಿಸಿದೆ.

ಅಲ್ಲಿಯದೊಂದು ನಿಯಮ. ಅಕೌಂಟ್ಸ್ ಓದಿದರೂ ಸರಿ, ಎಂಜಿನಿಯರಿಂಗ್ ಓದಿದರೂ ಸರಿ, ಎಲ್ಲರೂ ಜನರಲ್ ಎಜುಕೇಶನ್ ಎಂಬುದನ್ನು ಕಲಿಯಲೇಬೇಕು. ಸರಿಯಾಗಿ ಯೋಚಿಸುವುದು, ನೆಟ್ಟಗೆ ಬರೆಯುವುದು, ನ್ಯಾಯ ಅನ್ಯಾಯ ತಿಳಿಯುವುದು, ನೆರೆಯವರಿಗೆ ನೆರವಾಗುವುದು. ಇದೆಲ್ಲ ತಲೆಗೆ ಹೋಗಿದೆಯೇ ಎಂದು ರಜೆಯಲ್ಲಿ ಕೆಲಸ ಕೊಟ್ಟ ಯಜಮಾನ ಅಂಕ ಹಾಕಬೇಕು. ಲವೀನಾ ಎರಡು ತಿಂಗಳು ಕೂತದ್ದು ನನ್ನ ಅಂಗಡಿಯಲ್ಲೇ. ಹಾಗಾಗಿ ಫಾರಂ ನನ್ನ ಫ್ಯಾಕ್ಸಿಗೇ ಬಂತು. ನಾಲ್ಕು ವಿಷಯ, ಒಂದೊಂದಕ್ಕೆ ನಾಲ್ಕು ಅಂಕ. ಅರ್ಧಕ್ಕಿಂತ ಕಡಿಮೆಯಾದರೆ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ.

ಹುಡುಗಿ ನಿಜಕ್ಕೂ ಜಾಣೆ. ನನ್ನ ಲೆಕ್ಕದಲ್ಲಿ ನಾಲ್ಕಕ್ಕೆ ನಾಲ್ಕು. ಆದರೆ ತಂದೆಯೇ ನಾಲ್ಕು ಕೊಟ್ಟರೆ ಯಾರು ನಂಬುತ್ತಾರೆ? ಕಲಿಸಿದವರು ಫಾದರ್‌ಗಳು, ಅಂದರೆ ಸರಕು ಅವರದ್ದು, ಗಿರಾಕಿ ನಾನು. ನಾನು ತೆಗಳಿದರೆ ಅವರು ಹೊಗಳಲೇಬೇಕು. ನಾಲ್ಕಕ್ಕೂ ಒಂದೊಂದು ಬರೆದೆ. ಕೆಳಗೆ, 'ಕಲಿಕೆ ಸುಮಾರು, ಇನ್ನೂ ನೋಡಬಹುದು' ಎಂದೂ ಸೇರಿಸಿದೆ. ಅವರು ಮೂರಕ್ಕೆ ಬರುತ್ತಾರೆ, ನಾನು ಗೊಣಗುತ್ತೇನೆ, ನಾಲ್ಕಕ್ಕೆ ಮುಗಿಯುತ್ತದೆ.

ನರ್ಸ್ ಕೆಲಸದಿಂದ ಬಂದ ಹೆಂಡತಿ ಜೂಲಿಯಾನ ಫಾರಂ ನೋಡಿ, ಕಳಿಸುವ ಮೊದಲು ಮಗಳನ್ನು ಒಂದು ಮಾತು ಕೇಳಿ ಎಂದಳು. ವ್ಯಾಪಾರದ ಗುಟ್ಟು ಮನೆಯವರಿಗೆ ಹೇಳಬಾರದು. ಕಳಿಸಿಬಿಟ್ಟೆ.

ಮೂರನೇ ದಿನ ಉತ್ತರ ಬಂತು. 'ತಂದೆಯಾಗಿಯೂ ಇಷ್ಟು ಪ್ರಾಮಾಣಿಕರಾದ ನಿಮಗೆ ವಂದನೆ. ನಿಮ್ಮ ಅಂಕಗಳನ್ನು ಹಾಗೆಯೇ ಒಪ್ಪಿದ್ದೇವೆ. ಲವೀನಾ ಒಂದು ವರ್ಷ ಮತ್ತೆ ಓದಲಿ.'

ಚೌಕಾಸಿಯೇ ಇಲ್ಲ! ಇದೆಂಥ ಸಂಸ್ಥೆ?

ಕೂಡಲೇ ಮನಿಲಾಕ್ಕೆ ಫೋನು ಹಚ್ಚಿದೆ. "ಫಾದರ್, ನಿಮ್ಮದೂ ಬೇಡ, ನನ್ನದೂ ಬೇಡ. ಎರಡೂವರೆಗೆ ಮುಗಿಸೋಣ, ಖಲಾಸ್."

ಫಾದರ್ ಮೆಲ್ಲಗೆ ಹೇಳಿದರು, "ಇದು ಮೌಲ್ಯಮಾಪನ ಸಾರ್, ಮಾರುಕಟ್ಟೆಯಲ್ಲ. ಬೇಕಾದರೆ ಹುಡುಗಿಯೇ ಮೇಲ್ಮನವಿ ಬರೆಯಲಿ."

ಜೂಲಿಯಾನ ನನ್ನನ್ನೇ ನೋಡಿದಳು. "ಜಪಸರದಲ್ಲೂ ದೇವರ ಹತ್ತಿರ ಎರಡು ಮಣಿ ಬಿಡಿ ಅನ್ನುವವರು ನೀವು. ನನ್ನ ಮಗಳ ಒಂದು ವರ್ಷ ಯಾರು ತಂದುಕೊಡ್ತಾರೆ?"

ರಜೆ ಮುಗಿಸಿ ಮನಿಲಾಕ್ಕೆ ಮರಳಿದ್ದ ಮಗಳಿಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದೆ.

ಲವೀನಾ ಅಳಲಿಲ್ಲ, ಕೂಗಲಿಲ್ಲ. ಎರಡು ಪುಟ ಬರೆದಳು. 'ನನ್ನ ತಂದೆ ಒಳ್ಳೆಯವರು. ಆದರೆ ಅವರ ಮೊದಲ ಮಾತನ್ನು ದೋಹಾದಲ್ಲಿ ಯಾರೂ ಕೊನೆಯ ಮಾತೆಂದು ತಿಳಿಯುವುದಿಲ್ಲ. ಸಾಕ್ಷಿ ಲಗತ್ತಿಸಿದ್ದೇನೆ.' ಸಾಕ್ಷಿಗಳು ಮೂವರು: ನಮ್ಮ ಪಿಕಪ್ ಓಡಿಸುವ ಪಠಾಣ, ಎದುರಿನ ಚಹಾದಂಗಡಿಯ ಮಲಬಾರಿ ಕಾಕ, ಮತ್ತು ನನ್ನ ಸ್ವಂತ ಹೆಂಡತಿ. ಸಹಿಗಳನ್ನು ಸೇರಿಸಿದ್ದೂ ಹೆಂಡತಿಯೇ, ಒಬ್ಬರೂ ನನಗೆ ಸುಳಿವು ಕೊಟ್ಟಿರಲಿಲ್ಲ.

ಫಾದರ್ ಆ ಮನವಿಯನ್ನೇ ಪರೀಕ್ಷೆಯಾಗಿ ಪರಿಗಣಿಸಿದರಂತೆ. ಯೋಚನೆಗೆ ನಾಲ್ಕು, ಬರವಣಿಗೆಗೆ ನಾಲ್ಕು, ತಂದೆಯನ್ನೂ ಬೈಯದೆ ಸತ್ಯ ಹೇಳಿದ ನ್ಯಾಯಕ್ಕೆ ನಾಲ್ಕು. ಸಾಕ್ಷಿಗೆ ನೆರೆಹೊರೆಯೇ ಬಂದಿದೆಯೆಂದರೆ ಅವಳೂ ಅವರಿಗೆ ನೆರವಾಗಿರಬೇಕೆಂದು ನಾಲ್ಕನೆಯದಕ್ಕೂ ನಾಲ್ಕು. ಮಗಳು ಕೊನೆಯ ವರ್ಷಕ್ಕೆ ಹೋದಳು.

ನೋಡಿ, ನಾನು ಎಣಿಸಿದ್ದ ನಾಲ್ಕೇ ಬಂತಲ್ಲ! ಹಾಗಂತ ಊಟಕ್ಕೆ ಕೂತಾಗ ಹೇಳಿಯೂ ಬಿಟ್ಟೆ. ಆದರೆ ಅಂಕ ತಿಳಿಸಿದ ಫ್ಯಾಕ್ಸಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಹೇಗೆ ಅಂಕ ಹಾಕಬಾರದು ಎಂದು ಮುಂದಿನ ಯಜಮಾನರಿಗೆ ತೋರಿಸಲು ನನ್ನ ಫಾರಂ ಇಟ್ಟುಕೊಳ್ಳಲೇ ಎಂದು ಫಾದರ್ ಅನುಮತಿ ಕೇಳಿದ್ದರು.

ಜೂಲಿಯಾನ ಮೀನುಸಾರು ಬಡಿಸುತ್ತ ಕೇಳಿದಳು, "ಈ ಇಡೀ ವ್ಯವಹಾರಕ್ಕೆ ನಿಮಗೆ ನೀವೇ ನಾಲ್ಕಕ್ಕೆ ಎಷ್ಟು ಕೊಡ್ತೀರಿ?"

ವಿನಯದಿಂದ 'ಒಂದು' ಎಂದೆ. ಅವಳು ಏರಿಸುತ್ತಾಳೆಂದು ಕಾದೆ.

"ಒಂದಕ್ಕೇ ಖಲಾಸ್," ಎಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.