ಷಡ್ಡಕನ ಮೂರು ನೌಕರಿ, ನನ್ನ ಒಂದು ಹೊಟ್ಟೆಕಿಚ್ಚು

ನನ್ನ ಷಡ್ಡಕನಿಗೆ ಬುದ್ಧಿ ನೆಟ್ಟಗಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಒಬ್ಬಳೇ ಅತ್ತೆಯ ತಕ್ಕಡಿಯಲ್ಲಿ ಜೀವನಪರ್ಯಂತ ನಮ್ಮ ಎದುರು ತೂಗಲ್ಪಡುವ ವ್ಯಕ್ತಿ. ಅಭಿಪ್ರಾಯಕ್ಕೆ ಆಧಾರವೇನು ಎಂದು ನೀವು ಕೇಳಬಹುದು, ಕೇಳಲೇಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರೋಧವಾಗಿಯೂ ಗೆದ್ದವನು ನಾನು. ಆಧಾರವಿಲ್ಲದೆ ಬಾಯಿ ತೆರೆಯುವವನಲ್ಲ.

ಮೊದಲನೆಯದಾಗಿ, ಅವನ ನೌಕರಿ. ನೌಕರಿಯೆ? ನೌಕರಿಗಳು! ಬೆಳಿಗ್ಗೆ ಕುರುಗೋಡಿನಾಚೆ ಬಂಡೆಗುಡ್ಡದ ಮೇಲೆ ಕುಳಿತಿರುವ ಒಂದು ಪುಟ್ಟ ಊರಿಗೆ ಟಪಾಲು ಹಂಚುತ್ತಾನೆ. ಮಧ್ಯಾಹ್ನ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ಲಾರಿಗಳನ್ನು ತೂಗುತ್ತಾನೆ. ಸಂಜೆ ಬಳ್ಳಾರಿಗೆ ಮರಳಿ ಜೀನ್ಸ್ ಘಟಕವೊಂದರಲ್ಲಿ ಪ್ಯಾಂಟುಗಳಿಗೆ ಗುಂಡಿ ಹಾಕುತ್ತಾನೆ. ಇಷ್ಟು ಸುತ್ತಿದ ಮನುಷ್ಯ ಭಾನುವಾರವಾದರೂ ಮನೆಯಲ್ಲಿ ಬಿದ್ದುಕೊಳ್ಳಬೇಡವೆ? ಇಲ್ಲ! ಭಾನುವಾರ ಮತ್ತೆ ಅದೇ ಗುಡ್ಡ ಹತ್ತುತ್ತಾನೆ, ಪುಕ್ಕಟೆ ಸೇವೆಗೆ. ಮುದುಕರಿಗೆ ಕ್ಷೌರ, ಸೋರುವ ತಗಡಿಗೆ ಡಾಂಬರು, ಪಡಿತರ ಚೀಟಿಯ ಅರ್ಜಿ, ಯಾರದೋ ಎಮ್ಮೆಗೆ ಔಷಧ. ಎಲ್ಲಕ್ಕಿಂತ ಹೆಚ್ಚಾಗಿ, ಆ ಊರಿನ ನೀರಿನ ಟ್ಯಾಂಕಿನ ವಾಲ್ವ್ ತಿರುಗಿಸುವ ಕೆಲಸ ಪ್ರತಿದಿನ ಬೆಳಿಗ್ಗೆ ಅವನದೇ. ಅದನ್ನು ಅವನಿಗೆ ಯಾರು ಹಚ್ಚಿದರೆಂಬುದು ಅವನಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ.

ಅತ್ತೆಯವರ ಮನೆ, ಅವನ ಮನೆ, ನನ್ನ ಮನೆ ಮೂರೂ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲೇ ಇರುವುದು ನನ್ನ ಪೂರ್ವಜನ್ಮದ ಕರ್ಮ. ಅತ್ತೆ ದಿನಕ್ಕೊಮ್ಮೆ ಬಂದು ನಿಟ್ಟುಸಿರು ಬಿಡುತ್ತಾರೆ:

"ಪಾಪ, ಸಣ್ಣ ಅಳಿಯಗ ಕೂಡಾಕ ಪುರುಸೊತ್ತಿಲ್ಲ ನೋಡು."

"ಹಂಗಾದ್ರ ದೊಡ್ಡ ಅಳಿಯಗ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿನಗ ಏಳಾಕ ಪುರುಸೊತ್ತಿಲ್ಲಪ್ಪಾ!"

ಮಾನ್ಯ ಓದುಗರೇ, ಇದು ನ್ಯಾಯವೆ? ಗ್ರಾಮಗಳ ಏಳಿಗೆಗಾಗಿ ಒಂದು ವೇದಿಕೆಯನ್ನೇ ಸ್ಥಾಪಿಸಿದವನು ನಾನು. ಅದಕ್ಕೆ ನಿಯಮಾವಳಿಯಿದೆ, ಮೊಹರಿದೆ, ಎರಡೂ ಕಡೆ ಅಕ್ಷರವಿರುವ ಬ್ಯಾನರಿದೆ. ಇಲ್ಲದ್ದು ಒಂದೇ, ಗ್ರಾಮ. ಆ ಕೊರತೆಯನ್ನು ನೀಗಿಸಿಕೊಳ್ಳಲು ನಾನು ಅವನ ಗುಡ್ಡದ ಊರನ್ನೇ ಆರಿಸಿಕೊಂಡೆ. ಬೇರೆ ಊರು ಇರಲಿಲ್ಲವೆ ಎಂದು ಕೇಳಬೇಡಿ. ಬೇಕಾದಷ್ಟಿದ್ದವು. ಹೊಟ್ಟೆಕಿಚ್ಚಿಗೆ ಬೇಕಾಗಿದ್ದುದು ಅದೊಂದೇ.

ಒಂದು ಭಾನುವಾರ ನಾಲ್ವರು ಸ್ವಯಂಸೇವಕರೊಡನೆ ಸ್ವಚ್ಛತಾ ಅಭಿಯಾನಕ್ಕೆ ಹೋದೆ. ನಲ್ಲಿಕಟ್ಟೆಯ ಮುಂದೆ ಉದ್ದಕ್ಕೆ ಬಿದ್ದಿದ್ದ ಕಲ್ಲುಗಳೇ ಮೊದಲು ಕಣ್ಣಿಗೆ ಹೊಡೆದವು. ಸಣ್ಣದು, ದೊಡ್ಡದು, ದುಂಡನೆಯದು, ಮೂಲೆ ಮುರಿದದ್ದು! ಸಾರ್ವಜನಿಕ ಸ್ಥಳದಲ್ಲಿ ಇದೆಂಥ ಅಸಹ್ಯ! ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಇಳಿಜಾರಿಗೆ ಉರುಳಿಸಿ, ನಲ್ಲಿಕಟ್ಟೆ ತೊಳೆದು, ಫೋಟೊ ತೆಗೆಸಿಕೊಂಡೆವು.

ಅಷ್ಟರಲ್ಲಿ ಮನೆಮನೆಯಿಂದ ಹೆಂಗಸರು ಹೊರಬಂದರು. ಅದು ನೀರಿನ ಸರದಿಯಂತೆ! ಗುಡ್ಡದ ಮೇಲೆ ನಲ್ಲಿ ಬರುವುದು ಸ್ವಲ್ಪ ಹೊತ್ತು. ಅದು ಬರುವತನಕ ಕೊಡ ಹಿಡಿದು ನಿಲ್ಲುವವರಾರು? ಒಂದೊಂದು ಮನೆಗೆ ಒಂದೊಂದು ಕಲ್ಲು. ಅದನ್ನು ಸಾಲಿನಲ್ಲಿಟ್ಟು ಹೊಲಕ್ಕೆ ಹೋದರೆ ಕಲ್ಲೇ ಅವರ ಪರವಾಗಿ ನಿಂತಿರುತ್ತದೆ. ನಾನು ಕಸವೆಂದು ಉರುಳಿಸಿದ್ದು ಇಡೀ ಊರನ್ನು!

"ಯಾರಲೇ ಇವಾ? ನಮ್ಮ ಅತ್ತಿ ಕಾಲದ ಕಲ್ಲಲೇ ಅದು!"

"ಕಸಬರಿಗಿ ಕೊಡ್ರಿ ಇಲ್ಲಿ, ಇವನ್ನ ಗುಡಿಸ್ತೀನಿ!"

ಆಗ ಬಂದ ನನ್ನ ಷಡ್ಡಕ. ಪಂಚೆ ಎತ್ತಿ ಕಟ್ಟಿ ಇಳಿಜಾರಿಗಿಳಿದು, ಒಂದೊಂದೇ ಕಲ್ಲನ್ನು ಹೊತ್ತುತಂದು, "ಇದು ಬಡಿಗೇರ ಮನೀದು, ಇದು ಖಾಸಿಂಬಿ ಅಕ್ಕಂದು, ಬಿಳಿ ಗೆರಿ ಐತಿ ನೋಡ್ರಿ" ಎನ್ನುತ್ತ ಮುಂಜಾನೆಯ ಸಾಲಿನಂತೆಯೇ ಜೋಡಿಸಿದ. ಒಂದಾದರೂ ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ತಪ್ಪಲಿಲ್ಲ. ಕೊನೆಗೆ ನನ್ನ ಕಡೆ ಕೈ ತೋರಿಸಿ ಹೆಂಗಸರಿಗೆ ಅವನಾಡಿದ ಮಾತು ಬೈಗುಳಕ್ಕಿಂತ ಘೋರ:

"ಅವರಿಗೆ ಏನೂ ಅನ್ನಬ್ಯಾಡ್ರಿ. ಭಾಳ ಓದ್ಯಾರ."

ಅಂದಿನಿಂದ ನನಗೊಂದೇ ಛಲ. ಒಂದು ದಿನ ಈ ಊರು ಅವನನ್ನು ಬಿಟ್ಟು ನನ್ನನ್ನು ಕೇಳಬೇಕು. "ನೀವು ಬಂದ್ರಲ್ಲ, ಛಲೋ ಆತು" ಎಂದು ಒಬ್ಬರಾದರೂ ಅನ್ನಬೇಕು. ಹೆಚ್ಚೇನಲ್ಲ, ಒಬ್ಬರು!

ಅವಕಾಶ ತಾನಾಗಿಯೇ ಬಂತು. ಷಡ್ಡಕ ಟೈಫಾಯಿಡ್ಡಿನಿಂದ ಮಲಗಿದ. ಗಿರಣಿಗೆ ಬೇರೆಯವನು ಸಿಕ್ಕ, ಜೀನ್ಸ್ ಘಟಕಕ್ಕೂ ಸಿಕ್ಕ, ಟಪಾಲಿಗೂ ಬದಲಿ ಬಂದ. ಪುಕ್ಕಟೆ ಕೆಲಸಕ್ಕೆ ಮಾತ್ರ ಯಾರೂ ಸಿಗಲಿಲ್ಲ. ನಾನು ಅವನ ಮನೆಯ ಬಾಗಿಲಲ್ಲೇ ನಿಂತು ನಾದಿನಿಯ ಕೈಯಿಂದ ವಾಲ್ವಿನ ಚಾವಿ ಇಸಿದುಕೊಂಡೆ. ಜಾಗ ಖಾಲಿಯಾದೊಡನೆ ಏರಿ ಕುಳಿತುಕೊಳ್ಳುವ ಆತುರ ನೋಡಿ, ಚಪ್ಪಲಿ ಬಿಡುವಷ್ಟೂ ವ್ಯವಧಾನವಿರಲಿಲ್ಲ.

ಎಂಟು ದಿನ ಗುಡ್ಡ ಹತ್ತಿದೆ. ಹೊತ್ತಿಗೆ ಸರಿಯಾಗಿ ನೀರು ಬಿಟ್ಟೆ. ನನ್ನ ಶಿಸ್ತಿನ ಬಗ್ಗೆ ಯಾರಾದರೂ ಒಂದು ಮಾತು? ಊಹೂಂ! ಎದುರಾದವರದೆಲ್ಲ ಒಂದೇ ಪ್ರಶ್ನೆ: "ಟಪಾಲಣ್ಣಗ ಹ್ಯಾಂಗೈತ್ರಿ?"

"ಆರಾಮ ಅದಾನ," ಎನ್ನುತ್ತಿದ್ದೆ ಹಲ್ಲು ಕಚ್ಚಿ.

ಎಂಟನೆಯ ದಿನ ಒಬ್ಬಾಕೆ ನನ್ನ ಕೈಗೆ ಎರಡು ಕೊಡ ಕೊಟ್ಟು, "ಮ್ಯಾಲಿನ ಮನಿ ಅಜ್ಜಿಗೆ ಮುಟ್ಟಸ್ರಿ. ಇಷ್ಟು ದಿನ ನಾವ ಮುಟ್ಟಸ್ತಿದ್ವಿ, ಇವತ್ತ ಕಳೆ ತೆಗ್ಯಾಕ ಹೋಗಬೇಕು. ಟಪಾಲಣ್ಣ ಇದ್ರ ಅವನ ಒಯ್ತಾನ," ಎಂದಳು. ಬಂಡೆಗಳ ನಡುವೆ ಅರ್ಧ ನೀರು ಚೆಲ್ಲಿಕೊಂಡು, ಅರ್ಧ ಜೀವ ಉಳಿಸಿಕೊಂಡು ತುದಿಯ ಮನೆ ತಲುಪಿದೆ. ಕಣ್ಣು ಕಾಣದ ಮುದುಕಿ ಹೊಸ್ತಿಲಲ್ಲಿ ಕುಳಿತಿದ್ದಳು.

"ಯಾರಪಾ? ಹೆಜ್ಜಿ ಬ್ಯಾರೆ ಐತಿ."

ನನ್ನ ಹೆಸರು, ಹುದ್ದೆ, ವೇದಿಕೆಯ ಧ್ಯೇಯೋದ್ದೇಶಗಳನ್ನು ಸಂಕ್ಷಿಪ್ತವಾಗಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದಳು. ಆ ಊರಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ! ಆಮೇಲೆ ಅವಳೂ ಅದೇ ಪ್ರಶ್ನೆ ಹಾಕಿದಳು.

"ಟಪಾಲಣ್ಣಗ ಹ್ಯಾಂಗೈತಿ?"

"ಆರಾಮ ಅದಾನಜ್ಜಿ."

"ಮುಟ್ಟಿ ನೋಡಿದ್ಯಾ? ಮೈ ಸುಡ್ತೈತೋ, ತಣ್ಣಗೈತೋ?"

ಪ್ರಶ್ನೆಗೆ ಮರುಪ್ರಶ್ನೆ ಎಸೆದು ಎದುರಾಳಿಯನ್ನು ಕೆಡವುವ ಕಲೆ ನನಗೆ ಗೊತ್ತು. ಆದರೆ ಅಲ್ಲಿ ಎದುರಾಳಿಯೇ ಇರಲಿಲ್ಲ. ನೀರು ಬೇಡದೆ, ಉತ್ತರಕ್ಕಾಗಿ ನನ್ನ ಕಡೆ ಮುಖವೆತ್ತಿ ಕಾಯುತ್ತಿದ್ದ ಒಬ್ಬ ಮುದುಕಿಯಿದ್ದಳು. ಎಂಟು ದಿನ ಇಡೀ ಊರಿಗೆ ಅವನ ಕ್ಷೇಮಸಮಾಚಾರ ಹಂಚಿದ್ದೆ. ಎರಡು ಓಣಿಯಾಚೆ ಮಲಗಿದ್ದ ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

"ಇಲ್ಲಜ್ಜಿ," ಎಂದೆ.

"ನೋಡಿ ಬಂದು ಹೇಳು," ಎಂದಳು. ಅಷ್ಟೇ.

ಕುರುಗೋಡಿನಲ್ಲಿ ಬಸ್ಸು ಹಿಡಿದು ನೇರ ಅವನ ಮನೆಗೆ ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮಂಚದ ಮೇಲೆ ಯಾರೋ ಬೇರೆಯವರಿದ್ದಾರೆ ಎನ್ನಿಸಿತು, ಅಷ್ಟು ಇಳಿದುಹೋಗಿದ್ದ. ಪಕ್ಕದಲ್ಲಿ ಕುಳಿತು ಹಣೆಯ ಮೇಲೆ ಕೈಯಿಟ್ಟೆ. ಸುಡುತ್ತಿತ್ತು.

ಕಣ್ಣು ಬಿಟ್ಟು ಗುರುತು ಹಿಡಿದ. ಚಾವಿಯ ಬಗ್ಗೆ ಕೇಳುತ್ತಾನೆಂದುಕೊಂಡೆ. ನೀರಿನ ಬಗ್ಗೆ, ಊರಿನ ಬಗ್ಗೆ ಕೇಳುತ್ತಾನೆಂದುಕೊಂಡೆ. ಏನೂ ಕೇಳಲಿಲ್ಲ.

"ನೀವು ಬಂದ್ರಲ್ಲಣ್ಣಾರ, ಛಲೋ ಆತು," ಎಂದ. "ಏನರ ಮಾತಾಡ್ರಿ. ಮೂರು ದಿನ ಆತು, ಕಣ್ಣು ಮುಚ್ಚಿಲ್ಲ. ನಿಮ್ಮ ಭಾಷಣ ಕೇಳಿದ್ರ ನನಗ ನಿದ್ದಿ ಭಾಳ ಛಲೋ ಬರ್ತೈತಿ."

ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ. ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಅವನ ಉಸಿರು ನಿಧಾನವಾಗಿ ಸಮಕ್ಕೆ ಬಂತು. ಅವನಿಗೆ ನಿದ್ದೆ ಹತ್ತಿದ ಮೇಲೂ ಬಹಳ ಹೊತ್ತು, ದನಿ ತಗ್ಗಿಸಿ, ಮಾತಾಡುತ್ತಲೇ ಇದ್ದೆ. ಕೈ ಮಾತ್ರ ತೆಗೆಯಲಿಲ್ಲ.